ತಲೆ ತಟ್ಟುವವನು

ಸಾಲಿಗ್ರಾಮದಲ್ಲಿ ನಮ್ಮ ಪಕ್ಕದ ಮನೆಯವನು ಬಿದಿರುಕೋಲಿಲ್ಲದೆ ಹೊಳೆಗೆ ಹೋಗುತ್ತಿರಲಿಲ್ಲ. ಅವನ ತಂಗಿಗೆ ಕಣ್ಣು ಕಾಣದು. ಅವಳು ಈಜುತ್ತಾ ಕಲ್ಲುಮೆಟ್ಟಿಲ ಹತ್ತಿರ ಬಂದಾಗ, ಬಟ್ಟೆ ಸುತ್ತಿದ ಕೋಲಿನ ತುದಿಯಿಂದ ತಲೆ ತಟ್ಟಿ, “ನಾನಿವ್ನಿ, ತಿರುಗವ್ವ” ಅನ್ನುತ್ತಿದ್ದ.

ಪರದೇಶದಲ್ಲಿ ಕಣ್ಣಿಲ್ಲದವರ ರಿಲೇ ಈಜಿಗೂ ತಂಗಿಯ ಜೊತೆ ಅವನೇ ಕೋಲು ಹಿಡಿದು ಹೋದ. ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಒಬ್ಬೊಬ್ಬರದು ಒಂದೊಂದು ಬಗೆಯ ಈಜು. ತಂಗಿ ಕೊಳದ ಗೋಡೆಯತ್ತ ನುಗ್ಗಿ ಬಂದಾಗ ಇವನ ಕೈ ಮರಗಟ್ಟಿತು, ಕೋಲು ಏಳಲೇ ಇಲ್ಲ. ಗೋಡೆಗೆ ಬಡಿದು ತಲೆ ಒಡೆಯಬೇಕಿತ್ತು. ಆದರೆ ಅವಳು ಸರಿಯಾಗಿ ತಿರುಗಿದಳು.

ಊರಿಗೆ ಬಂದವನು ನೇರ ನಮ್ಮ ಜಗಲಿಗೆ ಬಂದು ಕೂತ. “ಗೋಡೆ ಹತ್ರ ಯಾರೋ ತಲೆ ತಟ್ಟುದ್ರು ಅಂತಾಳೆ ಕಣಜ್ಜಿ. ನಾನು ತಟ್ನಿಲ್ಲ. ನಾಳೆ ಹೊಳೆಗೆ ಕರೀತಾವ್ಳೆ. ಕೋಲು ಹಿಡೀಲಾ, ಬ್ಯಾಡ್ವಾ?”

“ಹಿಡಿಯೋ ದಡ್ಡ,” ಅಂದೆ. “ಆದ್ರೆ ಅಲ್ಲಿ ತಟ್ಟಿದ್ದು ಇಲ್ಲೂ ತಟ್ಟೋಕ್ ಮುಂಚೆ ನೀನು ತಟ್ಟು.”