ಕೋವಿಯ ಪ್ಲಾಸ್ಟಿಕ್ ಹಿಡಿ

ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ಕನ್ನು ಯಾರೂ ನಂಬುತ್ತಿರಲಿಲ್ಲ. ಅಮ್ಮ ಆಸೆಪಟ್ಟು ತಂದ ಪ್ಲಾಸ್ಟಿಕ್ ಕೊಡಪಾನದ ಕಂಠ ವಾರದೊಳಗೆ ಅವಳ ಕೈಗೇ ಬಂದಿತ್ತು. ನನ್ನನ್ನು ನೋಡಲು ಬಂದಿದ್ದ ಹುಡುಗನ ಸೋದರಮಾವ ನಮ್ಮ ಹೊಸ ಪ್ಲಾಸ್ಟಿಕ್ ಕುರ್ಚಿಯ ಸಮೇತ ಜಗಲಿಯಲ್ಲಿ ಕುಸಿದರು. ಆ ಸಂಬಂಧವೂ ಅಲ್ಲಿಗೇ ಕುಸಿಯಿತು. ಆ ಬಗ್ಗೆ ನನಗೆ ಅಂಥ ದುಃಖವೇನೂ ಇಲ್ಲ. ಆದರೆ ಇಷ್ಟೆಲ್ಲ ಆದ ಮೇಲೆ ಒಬ್ಬರು ನಮ್ಮ ಕೋವಿಗೇ ಪ್ಲಾಸ್ಟಿಕ್ ಹಾಕುತ್ತೇನೆ ಅಂದರೆ ನನಗೆ ಸಂಶಯ ಬರದೆ ಇರುತ್ತದೆಯೇ?

ಜೈನರ ಮನೆಯಲ್ಲಿ ಕೋವಿ ಯಾಕೆ ಎಂದು ಕೇಳುವವರಿದ್ದಾರೆ. ಪುತ್ತಿಗೆಯ ನಮ್ಮ ಗದ್ದೆಗೆ ಹಂದಿ ಬರುತ್ತಿತ್ತು, ತೆಂಗಿಗೆ ಮಂಗ ಬರುತ್ತಿತ್ತು. ಬೆಳೆ ಕಾಯಲೆಂದು ಅಜ್ಜನ ಕಾಲದಲ್ಲಿ ಸಿಕ್ಕಿದ ಪರವಾನಗಿ ಅದು. ಅಪ್ಪ ಒಂದು ಪ್ರಾಣಿಗೂ ಗುರಿ ಇಟ್ಟವರಲ್ಲ. ಆಕಾಶಕ್ಕೆ ಒಂದು ಗುಂಡು ಹಾರಿಸಿ, ಆಮೇಲೆ ಅದರಿಂದ ಹಕ್ಕಿಗೇನಾದರೂ ಆಯಿತೋ ಎಂದು ಅರ್ಧ ಗಂಟೆ ಮರಗಳ ಕೆಳಗೆ ಹುಡುಕುವವರು.

ತೊಂಬತ್ತರ ದಶಕದ ಕೊನೆಯಲ್ಲಿ ಆ ಕೋವಿಯ ಮರದ ಹಿಡಿಗೆ ಹುಳ ಹಿಡಿಯಿತು. ಬೆರಳಿನಿಂದ ಎಳೆಯುವ ಕುದುರೆ ಕೂರುವ ಜಾಗದಿಂದ ಭುಜಕ್ಕೆ ಒತ್ತಿಕೊಳ್ಳುವ ತುದಿಯವರೆಗೂ ಒಳಗೆಲ್ಲ ಪುಡಿ. ಹಿಡಿ ಕೆತ್ತುವ ಆಚಾರಿಗಳು ಆಗಲೇ ಸೋಫಾ, ಶೋಕೇಸುಗಳ ಕಡೆ ಹೋಗಿಬಿಟ್ಟಿದ್ದರು. ಬಂಟ್ವಾಳದ ಪೇಟೆಯಲ್ಲಿ ಹೊಸದಾಗಿ ಒಬ್ಬರು ಬ್ಯಾರಿ ಸಾಹೇಬರು ಕೋವಿ ರಿಪೇರಿಯ ಅಂಗಡಿ ಇಟ್ಟಿದ್ದಾರೆ, ಸರಕಾರದ ಅನುಮತಿಯೂ ಉಂಟು ಎಂದು ಯಾರೋ ಹೇಳಿದರು. ರಜೆಯ ದಿನ ನಾನೂ ಅಪ್ಪನೂ ಪರವಾನಗಿ ಪುಸ್ತಕ ಹಿಡಿದುಕೊಂಡು ಹೋದೆವು. ನಾನು ಆಗ ಮೂಡುಬಿದಿರೆಯಲ್ಲಿ ಟೀಚರ್.

ಸಾಹೇಬರು ಗಲ್ಫಿನಲ್ಲಿ ನೀರಿನ ಟ್ಯಾಂಕು ಮಾಡುವ ಕಾರ್ಖಾನೆಯಲ್ಲಿ ದುಡಿದು ಬಂದವರು. ಅಪ್ಪನ ಹತ್ತಿರ ತುಳುವಿನಲ್ಲಿ ಸಲೀಸಾಗಿ ಮಾತಾಡುತ್ತಿದ್ದವರು ನಾನು ಟೀಚರೆಂದು ತಿಳಿದ ಕೂಡಲೇ ನೆಟ್ಟಗೆ ಕೂತು ನಿಧಾನವಾಗಿ ಕನ್ನಡ ಶುರುಮಾಡಿದರು. ಅದೂ ನನಗೆ ಸಂಶಯಕ್ಕೆ ಕಾರಣವಾಯಿತು. ಕಪಾಟಿನಿಂದ ಒಂದು ಕಪ್ಪು ಹಿಡಿ ತೆಗೆದು ಮೇಜಿಗೆ ಕುಟ್ಟಿ ತೋರಿಸಿದರು. ಪೂರ್ತಿ ಒಂದೇ ಅಚ್ಚು.

"ಇದಕ್ಕೆ ಹುಳ ಇಲ್ಲ, ಮಳೆ ಇಲ್ಲ ಟೀಚರೇ. ನಿಮ್ಮ ಮಕ್ಕಳ ಕಾಲಕ್ಕೂ ಬರ್ತದೆ."

ಅಪ್ಪ ಹಿಡಿಯನ್ನು ತಿರುಗಿಸಿ ನೋಡಿದರು. ಉಗುರಿನಿಂದ ಕೆರೆದರು. ನಾನಿಲ್ಲದಿದ್ದರೆ ಕಚ್ಚಿಯೂ ನೋಡುತ್ತಿದ್ದರೇನೋ. ಕೊನೆಗೆ ಬೇರೆ ದಾರಿಯಿಲ್ಲದೆ ಒಪ್ಪಿದರು. ಹದಿನೈದು ದಿನ ಬಿಟ್ಟು ಕೋವಿ ತರಲು ಹೋದಾಗ ಅಪ್ಪ ರಸ್ತೆಯಲ್ಲಿ ರಿಕ್ಷಾದವನ ಜೊತೆ ಚೌಕಾಸಿ ಮಾಡುತ್ತಿದ್ದರು. ಸಾಹೇಬರು ಕೋವಿಯನ್ನು ಗೋಣಿಯಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತ, "ಒಂದು ವಿಷಯ. ಇದನ್ನು ಒಲೆಯ ಹತ್ತಿರ ಮಾತ್ರ ಇಡಬೇಡಿ ಆಯ್ತಾ. ಬೆಂಕಿಯ ಕಾವು ಇದಕ್ಕೆ ಆಗುವುದಿಲ್ಲ," ಅಂದರು.

ನನಗೆ ಆಗ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಈ ಮನುಷ್ಯ ಈಗಲೇ ನೆಪ ರೆಡಿ ಮಾಡಿಟ್ಟುಕೊಳ್ಳುತ್ತಿದ್ದಾರೆ ಎಂದೇ ಅನಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನೋಡಿದ್ದೆ. ಇವರು ಯಾರೂ ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಳ್ಳುತ್ತಿದ್ದಾರಲ್ಲ! ನಾನು "ಹೂಂ" ಅಂದೆ. ಅಪ್ಪನಿಗೆ ಹೇಳಲಿಲ್ಲ.

ಮಳೆಗಾಲ ಬಂತು. ನಮ್ಮ ಕಡೆ ಮಳೆಗಾಲದಲ್ಲಿ ಕಬ್ಬಿಣವಿದ್ದದ್ದೆಲ್ಲ ತುಕ್ಕು ಹಿಡಿಯುತ್ತದೆ. ಅದಕ್ಕೆ ಅಜ್ಜನ ಕಾಲದಿಂದ ಒಂದು ರೂಢಿ. ಆಷಾಢದ ಮೊದಲು ಕೋವಿಗೆ ತೆಂಗಿನೆಣ್ಣೆ ಸವರಿ, ಗುಂಡು ಇಲ್ಲವೆಂದು ಎರಡು ಸಲ ನೋಡಿ, ಅಡುಗೆಮನೆಯ ಒಲೆಯ ಮೇಲಿನ ಅಟ್ಟದ ಕೊಕ್ಕೆಗೆ ನೇತುಹಾಕುವುದು. ಹೊಗೆಗೆ ನಳಿಗೆ ಒಣಗಿರುತ್ತದೆ, ಮರಕ್ಕೆ ಹುಳ ಬರುವುದಿಲ್ಲ ಎಂಬ ಲೆಕ್ಕ, ನಮ್ಮದಕ್ಕೆ ಬಂದದ್ದು ಬೇರೆ ಮಾತು. ಅಜ್ಜ ತೀರಿಕೊಂಡ ಮೇಲೆ ಆ ಕೆಲಸ ನನ್ನದು, ಅಮ್ಮನ ಕೈ ಕೊಕ್ಕೆಗೆ ಎಟುಕುತ್ತಿರಲಿಲ್ಲ. ಆ ವರ್ಷ ಕೋವಿ ಎತ್ತಿ ಹಿಡಿದಾಗ ಸಾಹೇಬರ ಮಾತು ನೆನಪಾಗಲಿಲ್ಲವೇ ಎಂದರೆ, ನೆನಪಾಯಿತು. ಗಟ್ಟಿ ಮಾಲಾದರೆ ಇಷ್ಟೂ ತಡೆಯದೆ ಎಂದು ಯೋಚಿಸಿ ಕೊಕ್ಕೆಗೆ ಹಾಕಿದೆ. ಹಸಿ ಸೌದೆ, ದಿನವಿಡೀ ಆರದ ಒಲೆ. ಹೊತ್ತು ಮುಳುಗುವ ಮೊದಲು ನಮ್ಮ ಊಟ ಮುಗಿದರೂ ಕೆಂಡ ಅಲ್ಲೇ ಇರುತ್ತಿತ್ತು.

ಆಗ ವರ್ಷ ಬಿಟ್ಟು ವರ್ಷ ಚುನಾವಣೆ. ಚುನಾವಣೆ ಬಂತೆಂದರೆ ಪರವಾನಗಿ ಇರುವವರೆಲ್ಲ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಊರಿನ ಕೋವಿಗಳೆಲ್ಲ ಒಂದೇ ಸಾಲಿನಲ್ಲಿ ಸಿಗುವ ದಿನ ಅದೊಂದೇ, ಹಾಗಾಗಿ ಯಾರದು ಎಷ್ಟು ಹಳತು, ಯಾರದಕ್ಕೆ ಎಂಥ ಹಿಡಿ ಎಂದು ಅಲ್ಲಿ ದೊಡ್ಡ ಚರ್ಚೆಯೇ ನಡೆಯುತ್ತದೆ. ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ನಾವೂ ಹೋಗಿ ನಿಂತೆವು. ನಮ್ಮ ಸರದಿ ಬಂದಾಗ ಪೊಲೀಸರು ಹಿಡಿಗೆ ಚೀಟಿ ಕಟ್ಟಲೆಂದು ಕೋವಿಯನ್ನು ಎತ್ತಿದರು. ಟಪ್ಪೆಂದಿತು. ಕುದುರೆ ಕೂರುವ ಜಾಗದಲ್ಲಿ ಹಿಡಿ ಸೀಳಿ ಅರ್ಧ ಅವರ ಕೈಯಲ್ಲಿ, ಅರ್ಧ ಮೇಜಿನ ಮೇಲೆ.

"ಇದೆಂಥ ಸ್ವಾಮಿ, ಆಟದ ಸಾಮಾನಾ?" ಅಂದರು ಪೊಲೀಸರು.

ಸಾಲಿನವರೆಲ್ಲ ನಕ್ಕರು. ಅಪ್ಪನ ಮುಖ ಕೆಂಪಾಯಿತು. ನನ್ನ ಸಿಟ್ಟು ಎಲ್ಲಿತ್ತೋ, ಒಮ್ಮೆಲೇ ಹೊರಬಿತ್ತು. "ಬಂಟ್ವಾಳದ ಆ ಹೊಸ ಅಂಗಡಿಯವರು ಹಾಕಿದ್ದು. ಗುಂಡು ಹಾರಿಸುವಾಗ ಒಡೆದಿದ್ದರೆ ನಮ್ಮಪ್ಪನ ಕಣ್ಣು ಹೋಗ್ತಿತ್ತು. ಯಾರೂ ಅವರ ಹತ್ತಿರ ಕೊಡಬೇಡಿ!" ಎಂದು ಕ್ಲಾಸಿನಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದೆ. ಸಾಲಿನಲ್ಲಿದ್ದ ಮೂರು ನಾಲ್ಕು ಜನ ಅವರಿಗೆ ಹಿಡಿ ಮಾಡಲು ಹೇಳಿದ್ದರಂತೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸುದ್ದಿ ತಲುಪಿ, ಎರಡು ದಿನ ಬಿಟ್ಟು ಸಾಹೇಬರೇ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ನಾವು ತಂದಿಟ್ಟಿದ್ದ ಮುರಿದ ತುಂಡನ್ನು ಜಗಲಿಯಲ್ಲಿ ನಿಂತೇ ಮೂಗಿನ ಹತ್ತಿರ ಹಿಡಿದರು. ಹೊಗೆಯ ವಾಸನೆ ನನಗೆ ನಿಂತಲ್ಲಿಗೇ ಬರುತ್ತಿತ್ತು.

"ಇದನ್ನು ಒಲೆಯ ಮೇಲೆ ಇಟ್ಟದ್ದು ಧಣಿಗಳೇ."

"ಹೌದು," ಅಂದರು ಅಪ್ಪ. "ಅಲ್ಲೇ ಇಡುವುದು ನಾವು. ಇಡಬಾರ್ದು ಅಂತ ನೀವು ಹೇಳಬೇಕಿತ್ತಲ್ಲ ಸಾಹೇಬ್ರೆ?"

ಸಾಹೇಬರು ನನ್ನನ್ನು ನೋಡಿದರು. ಅಪ್ಪನೂ ನೋಡಿದರು. "ಹೇಳಿದ್ರಾ ಮಗಳೇ?"

"ಇಲ್ಲಪ್ಪ. ಹಾಗೆಂಥದೂ ಹೇಳ್ಲಿಲ್ಲ."

ಆ ಮಾತು ಎಷ್ಟು ಸುಲಭವಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಸಾಹೇಬರು ವಾದಿಸುತ್ತಾರೆ, ಕೂಗಾಡುತ್ತಾರೆ, ಆಗ ನಾನೂ ಕೂಗಾಡಬಹುದು ಎಂದು ಕಾದೆ. ಅವರು ಅಮ್ಮ ಕೊಟ್ಟ ಬೆಲ್ಲ ನೀರು ಕುಡಿದು, ಲೋಟವನ್ನು ಜಗಲಿಯ ಅಂಚಿನಲ್ಲಿಟ್ಟು, ಮರದ ಹಿಡಿ ಮಾಡಿಸಿ ಕಳಿಸುತ್ತೇನೆಂದು ಹೇಳಿ ಹೋದರು. ಕಳಿಸಿದರು ಕೂಡ. ಹಲಸಿನ ಮರದ ಒಳ್ಳೆಯ ಹಿಡಿ, ಈಗಲೂ ಇದೆ. ಅದನ್ನು ನೋಡಿ ನಾನು, ತಪ್ಪಿಲ್ಲದಿದ್ದರೆ ಯಾಕೆ ಮಾಡಿಸಿಕೊಡುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಸಂಶಯಕ್ಕೆ ಮದ್ದಿಲ್ಲ ಅನ್ನುವುದು ಸುಮ್ಮನೆ ಅಲ್ಲ.

ವರ್ಷದೊಳಗೆ ಬಂಟ್ವಾಳದ ಅಂಗಡಿ ಮುಚ್ಚಿತು. ಅಪ್ಪ ಮಾತ್ರ ಪ್ರತಿ ಚುನಾವಣೆಯ ಸಾಲಿನಲ್ಲೂ ಪ್ಲಾಸ್ಟಿಕ್ ಹಿಡಿಯ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳುತ್ತಿದ್ದರು. ಜನ ನಗುತ್ತಿದ್ದರು. ನಾನು ಆ ಹೊತ್ತಿಗೆ ನೀರು ಕುಡಿಯುವ ನೆಪದಲ್ಲಿ ಆಚೆ ಹೋಗುತ್ತಿದ್ದೆ.

ಎರಡು ಸಾವಿರದ ಇಸವಿಯ ನಂತರ ನನಗೆ ಬೆಳ್ತಂಗಡಿ ಕಡೆಗೆ ವರ್ಗವಾಯಿತು. ಕೆಲವು ವರ್ಷದ ಮೇಲೆ ಒಮ್ಮೆ ಅಪ್ಪ ನನ್ನ ಬಾಡಿಗೆ ಮನೆಗೆ ಬಂದಿದ್ದಾಗ ಬಚ್ಚಲಿಗೊಂದು ಬಕೆಟ್ ಬೇಕೆಂದು ಇಬ್ಬರೂ ಚಾರ್ಮಾಡಿ ರಸ್ತೆಯ ಒಂದು ಅಂಗಡಿಗೆ ಹೋದೆವು. ಪೈಪು, ಟ್ಯಾಂಕು, ಬಕೆಟ್ಟುಗಳ ಅಂಗಡಿ. ಗಾಳಿಗೆ ಬಾಗಿಲು ಮುಚ್ಚದ ಹಾಗೆ ಕೆಳಗೆ ಏನನ್ನೋ ಅಡ್ಡ ಇಟ್ಟಿದ್ದರು. ನಾನು ಬಗ್ಗಿ ನೋಡಿದೆ. ನಮ್ಮ ಕೋವಿಗೆ ಹಾಕಿದಂಥದೇ ಹಿಡಿ. ಮಳೆ ನೀರು, ಬಿಸಿಲು, ಬಂದವರೆಲ್ಲರ ಕಾಲಿನ ಒದೆ. ಕಪ್ಪು ಬಣ್ಣ ಮಾಸಿ ಬೂದಿಯಾಗಿತ್ತು, ಒಂದು ಗೀರಿನಷ್ಟೂ ಬಿರುಕಿರಲಿಲ್ಲ.

ಗಲ್ಲಾಪೆಟ್ಟಿಗೆಯ ಹಿಂದೆ ಸಾಹೇಬರೇ ಕೂತಿದ್ದರು, ಗಡ್ಡ ನರೆತಿತ್ತು. ಎದ್ದು ನಿಂತು ಅಪ್ಪನಿಗೆ ನಮಸ್ಕಾರ ಮಾಡಿದರು. ನನಗೆ ಕೆಂಪು ಬಕೆಟ್ಟನ್ನು ಒರೆಸಿ ಕೊಡುತ್ತ ಅದೇ ನಿಧಾನದ ಕನ್ನಡದಲ್ಲಿ, "ಬಚ್ಚಲ ಒಲೆಯ ಹತ್ತಿರ ಮಾತ್ರ ಇಡಬೇಡಿ ಟೀಚರೇ," ಅಂದರು. ಚುಚ್ಚಲೆಂದು ಹೇಳಿದರೋ, ಎಲ್ಲ ಗಿರಾಕಿಗಳಿಗೂ ಹೇಳುವ ಮಾತೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಆವತ್ತೂ ಹೇಳಿದ್ರಿ," ಅಂದೆ.

ಪೈಪು ನೋಡುತ್ತಿದ್ದ ಅಪ್ಪ ತಿರುಗಿದರು. "ಏನು ಹೇಳಿದ್ದು?"

ಬಕೆಟ್ ಹಿಡಿದುಕೊಂಡೇ ಎಲ್ಲ ಹೇಳಿದೆ. ಗೋಣಿಯಲ್ಲಿ ಸುತ್ತಿ ಕೊಟ್ಟದ್ದು, ನಾನು ಹೂಂ ಅಂದದ್ದು, ಕೊಕ್ಕೆಗೆ ಹಾಕುವಾಗ ನೆನಪಾದದ್ದು, ಜಗಲಿಯಲ್ಲಿ ಆಡಿದ ಸುಳ್ಳು. ಅಪ್ಪ ನನ್ನನ್ನು ನೋಡಲಿಲ್ಲ.

"ನೀವಾದರೂ ಹೇಳಬಹುದಿತ್ತಲ್ಲ ಸಾಹೇಬ್ರೆ," ಅಂದರು.

"ತಂದೆಯ ಎದುರು ಮಗಳನ್ನು ಸುಳ್ಳುಗಾರ್ತಿ ಮಾಡುವುದು ಹೇಗೆ ಧಣಿಗಳೇ? ನನಗೂ ಹೆಣ್ಣು ಮಕ್ಕಳು ಉಂಟು."

ಮುಂದಿನ ಚುನಾವಣೆಗೆ ಅಪ್ಪನ ಜೊತೆ ಮತ್ತೆ ಠಾಣೆಗೆ ಹೋದೆ. ಅಪ್ಪ ಸಾಲಿನಲ್ಲಿ ನಿಂತು, ಪ್ರತಿ ಸಲದಂತೆ ದನಿ ಏರಿಸಿ, ಬಂಟ್ವಾಳದ ಆ ಹಿಡಿಯಲ್ಲಿ ಏನೂ ದೋಷ ಇರಲಿಲ್ಲ, ತಪ್ಪೆಲ್ಲ ನಮ್ಮ ಮನೆಯದು ಎಂದು ಹೇಳಿದರು. ಈ ಸಲ ನಾನು ನೀರು ಕುಡಿಯಲು ಹೋಗಲಿಲ್ಲ. ಆದರೆ ಸಾಲಿನಲ್ಲಿದ್ದವರೆಲ್ಲ ಹೊಸಬರು, ಅಪ್ಪಂದಿರ ಕೋವಿ ಹಿಡಿದುಕೊಂಡು ಬಂದ ಮಕ್ಕಳು. ಅವರಲ್ಲೊಬ್ಬ ಮೊಬೈಲಿನಿಂದ ತಲೆ ಎತ್ತಿ ಕೇಳಿದ: "ಬಂಟ್ವಾಳದಲ್ಲಿ ಕೋವಿ ರಿಪೇರಿಯ ಅಂಗಡಿ ಇತ್ತಾ?"