ಅಪ್ಪನ ಹೆಸರು ಹೇಳುವ ಶುಕ್ರವಾರ

ಅಮ್ಮ ಮೀನು ಮಾರುವ ಗಂಟಲಲ್ಲೇ ಪ್ರಾರ್ಥನೆ ಮಾಡುತ್ತಿದ್ದಳು. ಅವಳಿಗೆ ಇದ್ದದ್ದು ಅದೊಂದೇ ಗಂಟಲು. ತಲ್ಲೂರಿನ ಓಣಿಯಲ್ಲಿ ಬುಟ್ಟಿ ಹೊತ್ತು ಬಂಗ್ಡೆ ಎಂದು ಕೂಗಿದರೆ ಹಿತ್ತಲಲ್ಲಿ ಬಟ್ಟೆ ಒಗೆಯುವವರೂ ಕೈ ಒರೆಸಿಕೊಂಡು ಹೊರಗೆ ಬರಬೇಕು, ಹಾಗೆ ಪಳಗಿದ ಗಂಟಲು. ದೇವರ ಎದುರು ಬಂದಾಗ ಅದನ್ನು ತಗ್ಗಿಸಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ಕ್ರೈಸ್ತಳಾದದ್ದು ಅಪ್ಪನ ದೆಸೆಯಿಂದ ಎಂದರೆ ತಪ್ಪಾಗದು. ಒಮ್ಮೆ ಅಪ್ಪ ಅವಳ ಎಡಗೈ ಮುರಿದ. ಬುಟ್ಟಿ ಹೊರಲಾಗದೆ ಅವಳು ಹೋಗಿ ಕೂತದ್ದು ಹೆದ್ದಾರಿ ಬದಿಯ ಒಂದು ಬಾಡಿಗೆ ಮನೆಯ ಜಗಲಿಯಲ್ಲಿ. ಅದು ಪಾಸ್ಟರ ಮನೆ. ಪಾಸ್ಟರ ಹೆಂಡತಿ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು, ಆ ಕೈ ಹಿಡಿದು ಪ್ರಾರ್ಥಿಸಿದರು. ಕೈ ಕೂಡಿತು. ಆಸ್ಪತ್ರೆಯ ಪಟ್ಟಿಯಿಂದಲೂ ಕೂಡಿರಬಹುದಲ್ಲ ಎಂದರೆ ಅಮ್ಮ ನನ್ನನ್ನು ಗುರಾಯಿಸುತ್ತಿದ್ದಳು. ಆಗ ನನಗೆ ಹದಿಮೂರೋ ಹದಿನಾಲ್ಕೋ. ಅವಳ ಹಿಂದೆ ಮಗಳಾದ ನಾನೂ ಅಲ್ಲಿಯ ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದೆ.

ಶುಕ್ರವಾರ ಮಧ್ಯಾಹ್ನದ ಕೂಟವನ್ನು ಅಕ್ಕ ನಡೆಸುತ್ತಿದ್ದರು. ಚಾಪೆಯ ಮೇಲೆ ಒಂದಷ್ಟು ಹೆಂಗಸರು. ಹಾಡು, ಬೈಬಲ್ ವಾಕ್ಯ ಎಲ್ಲ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ಮನೆಯಲ್ಲಿ ಇನ್ನೂ ಯೇಸುವನ್ನು ನಂಬಿ ರಕ್ಷಣೆ ಹೊಂದದವರ ಹೆಸರು ಹೇಳಬೇಕು. ಉಳಿದವರು ಆ ಹೆಸರನ್ನು ಎತ್ತಿ ಒಟ್ಟಿಗೆ ಪ್ರಾರ್ಥಿಸಿ ಆಮೆನ್ ಎನ್ನಬೇಕು. ಒಬ್ಬಳಿಗೆ ಅತ್ತೆ, ಒಬ್ಬಳಿಗೆ ಬೊಂಬಾಯಿ ಹೋಟೆಲಿನಲ್ಲಿದ್ದ ಅಣ್ಣ, ಅಮ್ಮನಿಗೆ ಅಪ್ಪ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಮ್ಮ ಕೂಗಿದ್ದೇ ಸಾಕಷ್ಟಾಯಿತು.

ಸಮಸ್ಯೆ ಎಂದರೆ ಆ ಮನೆಯ ಹಿಂದಿನ ಗೋಡೆಗೆ ತಾಗಿ ಸಾರಾಯಿ ಅಂಗಡಿ ಇತ್ತು. ಸಾರಾಯಿ ಪ್ಯಾಕೆಟಿನಲ್ಲಿ ಸಿಗುತ್ತಿದ್ದ ಕಾಲ ಅದು. ಅಪ್ಪ ಹೊಳೆಯಲ್ಲಿ ಮುಳುಗಿ ಮರಳು ತೆಗೆಯುವವನು. ದೋಣಿ ಖಾಲಿಯಾದ ಮೇಲೆ ಅವನೂ ಅವನ ಜೊತೆಯವರೂ ಕೂರುತ್ತಿದ್ದದ್ದು ಅಲ್ಲೇ. ಒಂದು ಶುಕ್ರವಾರ ಅವನು ಅಂಗಡಿಗೆ ಇನ್ನೂ ಬಂದಿರಲಿಲ್ಲ, ಅವನ ಹೆಸರು ಗೋಡೆ ದಾಟಿ ಬಂತು. ಬರೀ ಹೆಸರಲ್ಲ. ಕುಡುಕ, ಹೆಂಡತಿಯನ್ನು ಕೊಲ್ಲಲು ಹೊರಟವ, ಇವನನ್ನು ಕೈಬಿಡಬೇಡ ಕರ್ತನೇ ಎಂಬ ಪೂರ್ತಿ ಪ್ರಾರ್ಥನೆಯೇ ಬಂತು. ಅವನು ಬಂದಾಗ ಜೊತೆಯವರು ಬಿಡುತ್ತಾರೆಯೇ? "ಹ್ವಾಯ್, ನಿನ್ ಹೆಸ್ರ್ ದೇವ್ರಿಗೆ ಮುಟ್ಟಿತ್ತಂಬ್ರ್, ಇನ್ ನಿಂಗ್ ಎಂತ ಹೆದ್ರಿಕಿ!" ಎಂದು ನಕ್ಕರಂತೆ.

ಆ ಸಂಜೆ ಅಮ್ಮ ಅನ್ನ ಬಸಿಯುತ್ತಿದ್ದಳು. ಅಪ್ಪ ಬಂದವನೇ ಪಾತ್ರೆಯನ್ನು ಒದ್ದ. ಕುದಿಯುವ ಗಂಜಿ ಅವಳ ಪಾದದ ಮೇಲೆ ಹೋಯಿತು. ಜುಟ್ಟು ಹಿಡಿದು ಮುಖವನ್ನು ಬಾಗಿಲ ದಾರಂದಕ್ಕೆ ಬಡಿದ. ಒಂದು ಸಲ, ಮತ್ತೊಂದು ಸಲ. "ಯಾವ್ ದೇವ್ರಿಗಾರೂ ಕೈ ಮುಗಿ, ನಾ ಕೇಂತಿಲ್ಲೆ. ನನ್ ಹೆಸ್ರ್ ಎತ್ತಿರೆ ಕೊಂದ್ ಹಾಕ್ತೆ!" ಅಮ್ಮನ ಮುಂದಿನ ಹಲ್ಲು ನೆಲಕ್ಕೆ ಬಿತ್ತು. ನಾನು ಅವನ ಬಲಗೈಗೆ ಜೋತುಬಿದ್ದು ಮಣಿಕಟ್ಟನ್ನು ಕಚ್ಚಿದೆ. ಸುಮ್ಮನೆ ಕಚ್ಚಲಿಲ್ಲ, ತುಂಡು ಕೀಳಬೇಕೆಂದೇ ಕಚ್ಚಿದೆ. ಬಾಯೊಳಗೆ ಅವನ ರಕ್ತ ಉಪ್ಪುಪ್ಪಾಗಿ ಬಂತು. ಅವನು ನನ್ನನ್ನು ಕೊಡವಿ ಎಸೆದಾಗ ಗೋಡೆಗೆ ಹೊಡೆದ ನನ್ನ ಭುಜ ಇಂದಿಗೂ ಚಳಿಗೆ ನೋಯುತ್ತದೆ.

ಮುಂದಿನ ಶುಕ್ರವಾರ ಅಮ್ಮ ಮತ್ತೆ ಎದ್ದು ನಿಂತಳು. ಹಲ್ಲು ಹೋದ ಸಂದಿಯಲ್ಲಿ ಗಾಳಿ ಸೋರಿ ಮಾತು ತೊದಲುತ್ತಿತ್ತು. ಆದರೂ ಅದೇ ಹೆಸರು, ಅದೇ ಗಂಟಲು. ನಾವು ಆಮೆನ್ ಹೇಳಿ ಮುಗಿಸುವ ಮೊದಲೇ ಮಾಡಿನ ಹಂಚು ಒಡೆದು ಒಳಗೆ ಬಿತ್ತು. ಅಪ್ಪ ಹೊರಗೆ ನಿಂತು, ದೋಣಿ ತಳ್ಳುವ ಬಿದಿರಿನ ಜಲ್ಲೆಯಿಂದ ಹಂಚುಗಳನ್ನು ಸಾಲಾಗಿ ಹೊಡೆಯುತ್ತಿದ್ದ. ಒಂದು ಹಂಚು ಒಬ್ಬ ಮುದುಕಿಯ ತಲೆಯ ಮೇಲೆ ಬಿದ್ದು ಅವಳ ಬಿಳಿಕೂದಲು ಕೆಂಪಾಯಿತು. ಹೆಂಗಸರು ಕಿರುಚಿಕೊಂಡು ಮೂಲೆಗೆ ಸರಿದರು. ಸಾರಾಯಿ ಅಂಗಡಿಯವರೇ ಬಂದು ಅವನನ್ನು ಎಳೆದುಕೊಂಡು ಹೋದರು.

ಆಮೇಲೆ ಅಕ್ಕ ಒಂದು ತೀರ್ಮಾನ ಮಾಡಿದರು. ಇನ್ನು ಮುಂದೆ ಯಾರೂ ಹೆಸರು ಹೇಳುವುದು ಬೇಡ, ಮನಸ್ಸಿನಲ್ಲೇ ನೆನೆದರೆ ಸಾಕು, ದೇವರಿಗೆ ಕೇಳಿಸುತ್ತದೆ. ಅಮ್ಮನಿಗೆ ಇದು ಹಿಡಿಸಲೇ ಇಲ್ಲ. "ಬುಟ್ಟಿ ಹೊತ್ಕಂಡ್ ಮನ್ಸೊಳ್ಗೇ ಕೂಗ್ರೆ ಮೀನ್ ತಕಂಬುಕೆ ಯಾರ್ ಬತ್ರ್ ಅಕ್ಕಾ?" ಎಂದು ಕೇಳಿದಳು. ಅಕ್ಕನಿಗೆ ಸಿಟ್ಟು ಬಂದಿರಬೇಕು, ಮುದುಕಿಯ ತಲೆಗೆ ಕಟ್ಟಿದ ಬಟ್ಟೆಯತ್ತ ಕೈ ತೋರಿಸಿದರು. ಅಮ್ಮ ತಲೆ ತಗ್ಗಿಸಿದಳು.

ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಮನುಷ್ಯ ಉದ್ಧಾರವಾಗುವುದು ನನಗೆ ಬೇಕಾಗಿರಲಿಲ್ಲ. ದೇವರು ಇದ್ದರೆ, ನ್ಯಾಯ ಗೊತ್ತಿದ್ದರೆ, ಅವನು ಉರಿಯಬೇಕು. ಮನೆಗೆ ಹೋಗುವ ದಾರಿಯಲ್ಲಿ ಅದನ್ನೇ ಹೇಳಿದೆ. "ಅಪ್ಪ ಸ್ವರ್ಗಕ್ಕೆ ಬಪ್ಪುದಾರೆ ನಾ ಬತ್ತಿಲ್ಲೆ. ಅಲ್ಲೂ ಅಂವನ್ ಒಟ್ಟಿಗೇ ಇಪ್ಪುದಾ ನಾವ್?" ಅಮ್ಮ ತಿರುಗಿ ನನ್ನ ಕೆನ್ನೆಗೆ ಬಾರಿಸಿದಳು. ಅವಳು ನನಗೆ ಹೊಡೆದದ್ದು ಅದೊಂದೇ ಸಲ. ಅವನ ಹೊಡೆತಕ್ಕಿಂತ ಅದು ಹೆಚ್ಚು ಉರಿಯಿತು.

ಹೆಸರಿಲ್ಲದ ಶುಕ್ರವಾರಗಳು ಶುರುವಾದವು. ಎಲ್ಲರೂ ಕಣ್ಣು ಮುಚ್ಚಿ ತುಟಿ ಅಲುಗಿಸುವುದು, ಕೊನೆಗೆ ಒಂದು ಆಮೆನ್. ಅಪ್ಪ ಇನ್ನು ತಣ್ಣಗಾಗುತ್ತಾನೆಂದು ನಾವು ತಿಳಿದಿದ್ದೆವು. ಆಗಲಿಲ್ಲ, ಮತ್ತೂ ಕೆಟ್ಟ. ಕಾರಣವನ್ನೇ ಹೇಳದೆ ಹೊಡೆಯತೊಡಗಿದ. ಒಂದು ದಿನ ಅಮ್ಮನ ಮೀನಿನ ಬುಟ್ಟಿಯನ್ನು ತುಳಿದು ಅಪ್ಪಚ್ಚಿ ಮಾಡಿದ. ಇನ್ನೊಂದು ದಿನ ಅವಳ ಕುತ್ತಿಗೆಗೆ ಕೈ ಹಾಕಿ ಒತ್ತಿದ. ನಾನು ಕೂಗಿ ನೆರೆಯವರು ಬಾರದಿದ್ದರೆ ಅವತ್ತೇ ಮುಗಿಯುತ್ತಿತ್ತು. ಅವಳ ಕುತ್ತಿಗೆಯ ನೀಲಿ ಗುರುತು ಹೋಗುವ ಮೊದಲೇ ಮತ್ತೊಂದು ಶುಕ್ರವಾರ ಬಂತು.

ಅಂದು ಕೂಟ ಇನ್ನೇನು ಮುಗಿಯಬೇಕು, ಬಾಗಿಲು ಒದ್ದುಕೊಂಡು ಅಪ್ಪ ಒಳಗೆ ಬಂದ. ಹೆಂಗಸರು ಗೋಡೆಗೆ ಅಂಟಿಕೊಂಡರು. ಅಕ್ಕ ಕೈ ಅಡ್ಡ ಹಿಡಿದರೆ ಅವರನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ತಳ್ಳಿದ. ನಾನು ಮತ್ತೆ ಕಚ್ಚಲು ಸಿದ್ಧಳಾಗಿಯೇ ಎದ್ದೆ. ಅವನು ಅಮ್ಮನ ಎದುರು ನಿಂತು ಕೂಗಿದ:

"ನನ್ ಹೆಸ್ರ್ ಎಂತಕ್ ಹೇಳುದಿಲ್ಲೆ?"

ಯಾರಿಗೂ ಅರ್ಥವಾಗಲಿಲ್ಲ.

"ವಾರ ವಾರ ಆ ಗೋಡಿ ಹಿಂದೆ ಕೂಕಂಡ್ ಕೇಂತಿದ್ದೆ. ಬಿಟ್ ಬಿಟ್ರಿಯಾ ನನ್ನ? ನಾನೆಂತ ಸತ್ತ್ ಹೋಯ್ದ್ನಾ?"

ಎಂದವನೇ ಪಕ್ಕದ ಕಿಟಕಿಗೆ ಮುಷ್ಟಿಯಿಂದ ಗುದ್ದಿದ. ಗಾಜು ಒಡೆದು ಕೈ ಮೊಣಕೈವರೆಗೆ ಸೀಳಿತು. ನನ್ನ ಹಲ್ಲಿನ ಗುರುತಿದ್ದ ಅದೇ ಕೈ. ರಕ್ತ ಚಾಪೆಗೆ ಸುರಿಯುತ್ತಿತ್ತು. ಅಕ್ಕ ಬಟ್ಟೆ ಹಿಡಿದು ಓಡಿಬಂದರು. ಅಮ್ಮ ಅದನ್ನು ಅವರ ಕೈಯಿಂದ ಕಿತ್ತುಕೊಂಡಳು. ಕಟ್ಟಲಿಲ್ಲ. ಗಿರಾಕಿಯ ಎದುರು ಬುಟ್ಟಿ ಇಳಿಸಿ ಚೌಕಾಸಿಗೆ ಕೂತಾಗಿನ ಮುಖ ಅವಳದು, ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು.

"ನಾ ಹೇಳುದಿಲ್ಲೆ. ಇವತ್ತ್ ನೀನೇ ಹೇಳ್. ಹೇಳ್ರೆ ಕಟ್ತೆ."

ಅಪ್ಪ ಅವಳನ್ನು ನುಂಗುವಂತೆ ನೋಡಿದ. ಎಡಗೈ ಎತ್ತಿದ. ಅವಳು ಕದಲಲಿಲ್ಲ. ನೀಲಿಗಟ್ಟಿದ ಕುತ್ತಿಗೆಯನ್ನು ನೆಟ್ಟಗೆ ಮಾಡಿಕೊಂಡು ನಿಂತಳು. ಎತ್ತಿದ ಕೈ ಕೆಳಗಿಳಿಯಿತು. ಆಮೇಲೆ ಹೊಳೆಯ ಈ ದಡದಿಂದ ಆ ದಡಕ್ಕೆ ಬೊಬ್ಬೆ ಹಾಕುವ ಆ ಮನುಷ್ಯ, ಶಾಲೆಯಲ್ಲಿ ಹಾಜರಿ ಹೇಳುವ ಮಗುವಿನ ಹಾಗೆ, ತನ್ನ ಹೆಸರನ್ನು ತಾನೇ ಹೇಳಿದ. ಗೋಡೆಗೆ ಅಂಟಿದ್ದ ಹೆಂಗಸರ ಬಾಯಿಂದ ಅಭ್ಯಾಸಬಲದಿಂದ ಆಮೆನ್ ಬಂತು. ನನ್ನ ಬಾಯಿಂದ ಬರಲಿಲ್ಲ.

ಅಮ್ಮ ಬಟ್ಟೆ ಕಟ್ಟಿದಳು. ಎರಡು ಗಂಟು ಹಾಕಿ ಜಗ್ಗಿ ನೋಡಿದಳು.

ಇದರಿಂದ ಅವನು ಬದಲಾದ ಎಂದು ಸಾಕ್ಷಿ ಹೇಳಲು ನನ್ನಿಂದಾಗದು. ಕೂಟಗಳಲ್ಲಿ ಅಂಥ ಸಾಕ್ಷಿಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ನನ್ನದು ಅದಲ್ಲ. ಕುಡಿತ ಬಿಡಲಿಲ್ಲ, ಕೂಟದ ಹೊಸ್ತಿಲನ್ನು ಮತ್ತೆ ದಾಟಲಿಲ್ಲ, ಕೈ ವಾಸಿಯಾದ ಮೇಲೆ ಹೊಡೆಯುವುದನ್ನೂ ಮುಂದುವರಿಸಿದ. ಆದರೆ ಶುಕ್ರವಾರ ಮಾತ್ರ ಕೂಟದ ಹೊತ್ತಿಗೆ ತಪ್ಪದೆ ಗೋಡೆಯ ಆಚೆ ಕೂರುತ್ತಿದ್ದ. ಅಮ್ಮ ಮತ್ತೆ ಹೆಸರು ಹೇಳತೊಡಗಿದ್ದಳು. ಇಷ್ಟೆಲ್ಲ ಆದರೂ ಯಾಕೆ ಎಂದು ಒಮ್ಮೆ ಅವಳ ಮೇಲೆ ಹರಿಹಾಯ್ದೆ. ಅವಳು ಮೀನಿನ ಹುರುಪೆ ತೆಗೆಯುತ್ತಾ, ನನ್ನ ಮುಖ ನೋಡದೆ ಹೇಳಿದಳು:

"ಸ್ವರ್ಗದಲ್ಲ್ ಅಂವಂಗ್ ಹೊಡುಕೆ ಆತಿಲ್ಲೆ ಅಲ್ದಾ ಮಗಾ? ಹೊಡಿದೇ ಇಪ್ಪು ಗಂಡನ್ನ ನಂಗ್ ಒಂದ್ ಸಲ ಕಾಣ್ಕ್."

ನಾನು ಮದುವೆಯಾಗಿ ಬ್ರಹ್ಮಾವರಕ್ಕೆ ಬಂದ ಕೆಲವು ವರ್ಷಗಳಲ್ಲಿ ಅಮ್ಮ ಹೋದಳು. ಮಣ್ಣು ಮಾಡಿದ ಮೇಲೆ ಎಲ್ಲರೂ ಹೊರಟರು. ಅಪ್ಪ ನನ್ನ ಹಿಂದೆಯೇ ಸ್ಮಶಾನದ ಗೇಟಿನವರೆಗೆ ಬಂದ. ಸೀಳಿದ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೇಳಿದ:

"ಇನ್ ಮೇಲೆ ನನ್ ಹೆಸ್ರ್ ಯಾರ್ ಹೇಳ್ತ್ರ್?"

ಅವನ ಮುಖಕ್ಕೆ ಉಗಿಯಬೇಕೆನಿಸಿತು. ಮುಖ ತಿರುಗಿಸಿ ಬಸ್ಸು ಹತ್ತಿದೆ. ಕುಂದಾಪುರ ದಾಟಿ ಸಾಸ್ತಾನದವರೆಗೂ ಒಳಗೊಳಗೇ ಅವನನ್ನು ಬೈದೆ. ಇಷ್ಟು ವರ್ಷ ಬಡಿದು ಜೀವ ಹಿಂಡಿ, ಈಗ ಇವನಿಗೆ ಹೆಸರು ಹೇಳುವವರು ಬೇಕಂತೆ.

ಆ ಶುಕ್ರವಾರ ಬ್ರಹ್ಮಾವರದ ನಮ್ಮ ಕೂಟದಲ್ಲಿ ಯಾರ ಹೆಸರಾದರೂ ಇದೆಯೇ ಎಂದು ಕೇಳಿದರು. ನಾನು ಎದ್ದೆ. ಅವನನ್ನು ಕ್ಷಮಿಸಿ ಎದ್ದದ್ದಲ್ಲ, ಈಗಲೂ ಕ್ಷಮಿಸಿಲ್ಲ. ಅಮ್ಮ ಅಲ್ಲಿ ಕಾಯುತ್ತಿರುತ್ತಾಳೆ, ಅವನು ಬರದಿದ್ದರೆ ಅವಳು ಅಷ್ಟೆಲ್ಲ ಪೆಟ್ಟು ತಿಂದದ್ದು ದಂಡ. ಹಲ್ಲು ಕಚ್ಚಿಕೊಂಡೇ ಹೆಸರು ಹೇಳಿದೆ. ನನಗೂ ಅಮ್ಮನದೇ ಗಂಟಲು ಬಂದಿದೆ, ರಸ್ತೆಯಲ್ಲಿ ಹೋಗುವವರೂ ನಿಂತು ನೋಡಿದರು.