ಬಾನೆಟ್ ಮುಟ್ಟದೆ ಕೊಂಡ ಗಾಡಿ

ಹಳೆಯ ಡೀಸೆಲ್ ಪಿಕಪ್ ಕೊಳ್ಳಲು ಹೊರಟಿದ್ದರೆ ನಸುಕಿನಲ್ಲಿ ಹೋಗಿ, ಹೇಳದೆ ಹೋಗಿ. ಮೊದಲೇ ಟೈರು, ಸೀಟು ನೋಡುತ್ತ ನಿಲ್ಲಬೇಡಿ. ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿದ್ದರೆ ಮಾತು ಮುಂದುವರಿಸಿ. ಬೆಚ್ಚಗಿದ್ದರೆ ಮಾರುವವರು ಕೊಟ್ಟ ಚಹಾ ಕುಡಿದು ಎದ್ದು ಬನ್ನಿ. ಇಷ್ಟು ಗೊತ್ತಿಲ್ಲದೆ ನಾನು ಒಂದು ಇಡೀ ಚಳಿಗಾಲವನ್ನು ಹೆದರಿಕೆಯಲ್ಲಿ ಕಳೆದೆ. ಹೆಂಡತಿಯನ್ನು ನನ್ನ ಕೈಯಾರೆ ಕೊಂದೇಬಿಡುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸವದತ್ತಿ ಕಡೆಯ ಹಳ್ಳಿಗಳಲ್ಲಿ ಬದನೆ, ಮೆಣಸಿನಕಾಯಿ ಖರೀದಿಸಿ ಬೈಲಹೊಂಗಲಕ್ಕೂ ಕಿತ್ತೂರಿಗೂ ತಂದು ಹಾಕುವುದು ನನ್ನ ಕಸುಬು. ತಲೆಹೊರೆಯಿಂದ ಶುರುಮಾಡಿ ಬಾಡಿಗೆ ಟೆಂಪೋವರೆಗೆ ಬಂದಿದ್ದೆ. ಸ್ವಂತ ಗಾಡಿ ಬೇಕೆನ್ನಿಸಿತು. ರಾಮದುರ್ಗದಲ್ಲೊಂದು ಪಿಕಪ್ ಇದೆ ಎಂದು ತಿಳಿದು, ಇಂಥ ದಿನ ಬರುತ್ತೇನೆಂದು ಹೇಳಿಕಳಿಸಿಯೇ ಹೋದೆ. ತಪ್ಪು ಅಲ್ಲಿಂದಲೇ ಶುರುವಾಯಿತು.

ನಾನು ಹೋದಾಗ ಗಾಡಿ ಮನೆಯ ಮುಂದೆ ಗುರುಗುಡುತ್ತ ನಿಂತಿತ್ತು.

“ಬರ್ರಿ ಅಣ್ಣಾರ, ನಿಮ್ಮ ಸಲುವಾಗೇ ಚಾಲೂ ಮಾಡಿ ಇಟ್ಟೇನಿ,” ಎಂದ ಮಾಲೀಕ. ನಾನು ಅದನ್ನು ಮರ್ಯಾದೆ ಎಂದು ತಿಳಿದೆ.

“ಹಿಂದಿನ ಟಾಯರ್ ನನ್ನ ತಲಿಗಿಂತಾ ಬೋಳ ಆಗ್ಯಾವಲ್ರೀ,” ಎಂದು ಚೌಕಾಸಿಗೆ ಇಳಿದೆ.

“ತಲಿ ಬೋಳಾದ್ರ ಬುದ್ಧಿ ಬೋಳಾಗತೈತೇನ್ರಿ? ಎಂಜಿನ್ ಕೇಳ್ರಿ, ಹೆಂಗ ಹಾಡಾಕ ಹತ್ತೈತಿ!”

ಮಧ್ಯಾಹ್ನದವರೆಗೆ ಜಗ್ಗಾಡಿದೆ. ದರ ಇಳಿಸಿದೆ. ಜಾಕು, ತಾಡಪತ್ರಿ ಪುಕ್ಕಟೆ ಹಾಕಿಸಿಕೊಂಡೆ. ಗೆದ್ದೆನೆಂದು ಮೀಸೆ ತಿರುವುತ್ತ ಊರಿಗೆ ಬಂದೆ.

ಮರುದಿನ ಮುಂಜಾನೆ ಕೀ ತಿರುವಿದರೆ ಸೆಲ್ಫ್ ಎರಡು ಸಲ ನರಳಿ ಸುಮ್ಮನಾಯಿತು. ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು, ಎಂಜಿನ್ ಏಳಲಿಲ್ಲ. ಬಜಾರಿನ ಮುದುಕ ಮೆಕ್ಯಾನಿಕ್, ನಾವೆಲ್ಲ ಉಸ್ತಾದ್ ಎನ್ನುತ್ತಿದ್ದವರು, ಬಂದು ಕಿವಿಗೊಟ್ಟು ಕೇಳಿದರು.

“ಕೊಳ್ಳಾಕ ಹ್ವಾದಾಗ ಗಾಡಿ ಬಂದ್ ಇತ್ತೋ, ಚಾಲೂ ಇತ್ತೋ?”

“ಚಾಲೂ ಇತ್ತು.”

ಬಾಯಿಯ ಬೀಡಿ ಕೆಳಗೆ ಬೀಳುವಂತೆ ನಕ್ಕರು. “ಬದನೀಕಾಯಿ ಒಂದೊಂದ ತಿರುವಿ ನೋಡಿ ತಗೋತೀರಿ ಸಾವಕಾರ್ರ, ಬಾನೆಟ್ ಮುಟ್ಟಿ ನೋಡಲಿಲ್ಲೇನ್ರಿ?”

ಎಂಜಿನ್ ಒಳಗಿನ ಪಿಸ್ಟನ್ ರಿಂಗುಗಳು ಸವೆದಿದ್ದವು. ಬಿಸಿಯಿದ್ದಾಗ ಹೇಗೋ ಓಡುತ್ತದೆ, ತಣ್ಣಗಾದರೆ ಒತ್ತಡವೇ ಹುಟ್ಟುವುದಿಲ್ಲ. ಎಂಜಿನ್ ಬಿಚ್ಚಲೇಬೇಕು ಎಂದರು. ಸೀಸನ್ ಮುಗಿಯಲಿ ಎಂದೆ ನಾನು. ಮನುಷ್ಯರ ಜೊತೆ ಚೌಕಾಸಿ ಮಾಡಿದಂತೆ ಯಂತ್ರದ ಜೊತೆಗೂ ಮಾಡಬಹುದೆಂದು ತಿಳಿದಿದ್ದೆ.

ಅಂದಿನಿಂದ ನನಗೆ ಎರಡು ಚಟ ಅಂಟಿದವು. ಒಂದು, ಹಗಲೆಲ್ಲ ಗಾಡಿ ಬಂದ್ ಮಾಡದಿರುವುದು. ಕಿತ್ತೂರಿನಲ್ಲಿ ಚಹಾ ಕುಡಿಯುವಾಗಲೂ ಕಿವಿ ಎಂಜಿನಿನ ಮೇಲೆ. ಅದರ ದನಿ ಚೂರು ತಗ್ಗಿದರೆ ಚಹಾ ನೆತ್ತಿಗೇರುತ್ತಿತ್ತು, ಕಪ್ಪು ಬಿಟ್ಟು ಓಡುತ್ತಿದ್ದೆ. “ನಿಂತಲ್ಲೇ ತಾಸಗಟ್ಟಲೆ ಓಡಸಬ್ಯಾಡ್ರಿ, ಒಳಗ ಮಸಿ ಕಟ್ಟತೈತಿ, ಬ್ಯಾಟರಿನೂ ತುಂಬಂಗಿಲ್ಲ,” ಎಂದು ಉಸ್ತಾದ್ ಬೈದರು. ಕೇಳಲಿಲ್ಲ. ಎರಡನೆಯದು, ರಾತ್ರಿ ಇಳಿಜಾರಿನಲ್ಲೇ ನಿಲ್ಲಿಸುವುದು. ಹ್ಯಾಂಡ್‌ಬ್ರೇಕಿನ ತಂತಿ ಸಡಿಲವಾಗಿತ್ತು, ಹಾಗಾಗಿ ಮುಂದಿನ ಚಕ್ರಕ್ಕೊಂದು ಕಲ್ಲು.

ನಮ್ಮ ಮನೆ ಓಣಿಯ ಮೇಲ್ತುದಿಯಲ್ಲಿ, ಸಾರ್ವಜನಿಕ ನಳ ಕೆಳತುದಿಯಲ್ಲಿ. ನಸುಕಿಗೆ ನೀರು ಬರುತ್ತಿತ್ತು. ಹೆಂಗಸರೆಲ್ಲ ಕೊಡ ಸಾಲಾಗಿಟ್ಟು ನಿಲ್ಲುತ್ತಿದ್ದರು, ನನ್ನ ಹೆಂಡತಿಯೂ. ನಾನು ಕಲ್ಲು ತೆಗೆದು ಜಿಗಿದು ಹತ್ತಿ, ಗಾಡಿ ಉರುಳತೊಡಗಿದ ಮೇಲೆ ಎರಡನೇ ಗೇರು ಹಾಕಿ ಕ್ಲಚ್ ಬಿಟ್ಟರೆ ಓಣಿಯ ನಡುವೆ ಎಂಜಿನ್ ಢರ್ರನೆ ಕೆಮ್ಮಿ ಏಳುತ್ತಿತ್ತು. ಆ ಸದ್ದು ಕೇಳಿದ್ದೇ ಅವರೆಲ್ಲ ಕೊಡ ಎತ್ತಿಕೊಂಡು ಗೋಡೆಗೆ ಸರಿಯುತ್ತಿದ್ದರು. ತಿರುಗಿ ನೋಡುವ ರೂಢಿ ಯಾರಿಗೂ ಇರಲಿಲ್ಲ.

“ಬಂದ್ಲ ನೋಡವಾ ನಿನ್ನ ಸವತಿ,” ಎಂದು ನಳದ ಎದುರುಮನೆಯ ಅಜ್ಜಿ ಕೆಣಕುತ್ತಿದ್ದಳು.

“ಸವತಿ ಆಗಿದ್ರ ಮುಂಜಾನಿ ತಾನಾಗೇ ಎದ್ದೇಳತಿದ್ಲು ಬಿಡ್ರಿ ಅಜ್ಜಿ,” ಎನ್ನುತ್ತಿದ್ದಳು ಇವಳು.

ಎಳ್ಳಮಾವಾಸ್ಯೆಯ ಆಸುಪಾಸು. ಬಾಗಿಲ ಚಿಲಕ ಮುಟ್ಟಿದರೆ ಬೆರಳು ಜುಮ್ಮೆನ್ನುವ ಚಳಿ. ಎಂದಿನಂತೆ ಕಲ್ಲು ತೆಗೆದೆ, ಹತ್ತಿದೆ. ಗಾಡಿ ಉರುಳಿತು. ಗೇರು ಹಾಕಿದೆ, ಬೀಳಲಿಲ್ಲ. ಇನ್ನೊಮ್ಮೆ ಒತ್ತಿದೆ, ಕರಕರ ಹಲ್ಲು ಕಡಿದು ಹೊರಗೇ ಉಳಿಯಿತು. ಅಷ್ಟರಲ್ಲಿ ವೇಗ ಏರಿತ್ತು. ಬ್ರೇಕ್ ತುಳಿದೆ. ಎಂಜಿನ್ ಬಂದ್ ಇರುವಾಗ ಈ ಗಾಡಿಗಳ ಬ್ರೇಕು ಕಲ್ಲಾಗುತ್ತದೆಂದು ಉಸ್ತಾದ್ ಹೇಳಿದ್ದು ಕಾಲಿಗೆ ತಿಳಿಯಿತು. ಹಾರ್ನ್ ಒತ್ತಿದೆ. ಸತ್ತ ಬ್ಯಾಟರಿಯಿಂದ ದನಿ ಎಲ್ಲಿಂದ ಬರಬೇಕು?

ಕೆಳಗೆ ಹೆಂಡತಿಯ ಹಸಿರು ಸೀರೆ ಕಂಡಿತು. ಬಗ್ಗಿ ಕೊಡ ತೊಳೆಯುತ್ತಿದ್ದಳು, ಬೆನ್ನು ನನ್ನ ಕಡೆಗೆ. ಕೂಗಿದೆನೆಂದೇ ನನ್ನ ನೆನಪು, ಆದರೆ ಯಾರಿಗೂ ಕೇಳಿಸಲಿಲ್ಲ ಎಂದು ಆಮೇಲೆ ಹೇಳಿದರು. ಯಾರೂ ಕೊಡ ಎತ್ತಲಿಲ್ಲ. ಅವರು ಕಾಯುತ್ತಿದ್ದ ಸದ್ದು ಇನ್ನೂ ಬಂದಿರಲಿಲ್ಲವಲ್ಲ.

ಎಡಕ್ಕೆ, ಅಜ್ಜಿಯ ಮನೆಯ ಗೋಡೆಗೆ ಜೋಳದ ಕಣಿಕೆಯ ಬಣವೆ ಒರಗಿತ್ತು. ಸ್ಟೇರಿಂಗ್ ಅತ್ತ ಎಳೆದೆ. ಒಣ ದಂಟು ಮುರಿಯುವ ಸದ್ದು, ಕನ್ನಡಿ ಒಡೆದ ಸದ್ದು. ಗಾಡಿ ಗೋಡೆಗೆ ಮೂತಿ ಹಚ್ಚಿ ನಿಂತಿತು. ಅವಳು ತಿರುಗಿ ನೋಡಿದಳು. ನಡುವೆ ಎರಡು ಮಾರು ಜಾಗವಿತ್ತು.

“ಸಪ್ಪಳಾನ ಆಗಲಿಲ್ಲಲ್ರೀ,” ಎಂದಳು. ಅಷ್ಟೇ.

ಅಜ್ಜಿ ಸುಮ್ಮನಿರಲಿಲ್ಲ. “ಏ ತಮ್ಮಾ, ಬದನೀಕಾಯಿ ಭರ್ತಾ ಸಾಕಾಗಲಿಲ್ಲೇನೋ, ನಮ್ಮನ್ನೂ ಜಜ್ಜಾಕ ಹೊಂಟಿಯೇನು? ಕಣಿಕಿ ಹಾಳಾದ್ರ ಆಗ್ಲಿ, ಕೆಳಗರ ಇಳಿ!”

ನಾನು ಇನ್ನೂ ಸೀಟಿನಲ್ಲೇ ಇದ್ದೆ. ಕೈ ಸ್ಟೇರಿಂಗ್ ಬಿಡಲಿಲ್ಲ. ಹೆಂಡತಿ ಖಾಲಿ ಕೊಡ ಅಲ್ಲೇ ಬಿಟ್ಟು ಓಣಿ ಏರಿ ಹೋದಳು, ನಾನು ಚಕ್ರದಿಂದ ತೆಗೆದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ನನ್ನ ಬಾಗಿಲ ಬುಡಕ್ಕೆ ಹಾಕಿದಳು.

“ಇವತ್ತ ಎಂಜಿನ್ ಬಿಚ್ಚಸ್ರಿ. ಸೀಸನ್ ಹ್ವಾದ್ರ ಹೋಗ್ಲಿ. ಇಲ್ಲಾ ನಾಳಿಯಿಂದ ನೀರ ನೀವ ತರ್ರಿ, ಮ್ಯಾಲಿಂದ ಗಾಡಿ ನಾ ಬಿಡತೇನಿ.”

ಅದೇ ದಿನ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಹೋದೆ. ಉಸ್ತಾದರ ಮುಂದೆ ಒಂದು ಮಾತೂ ಚೌಕಾಸಿ ಮಾಡಲಿಲ್ಲ. “ಆರಾಮ ಇಲ್ಲೇನ್ರಿ ಸಾವಕಾರ್ರ?” ಎಂದು ಅವರೇ ಗಾಬರಿಯಾದರು. ರಿಂಗು, ಚಳಿಯಲ್ಲಿ ಎಂಜಿನ್ ಕಾಯಿಸುವ ಹೀಟರ್ ಪ್ಲಗ್, ಗೇರು, ಹ್ಯಾಂಡ್‌ಬ್ರೇಕ್, ಎಲ್ಲ ಮಾಡಿಸಿದೆ. ಗಾಡಿ ಬರುವಷ್ಟರಲ್ಲಿ ಅರ್ಧ ಸೀಸನ್ ಹೋಗಿತ್ತು.

ಗಾಡಿಯನ್ನು ಓಣಿಯ ಆಚೆ ಸಮತಟ್ಟು ಬಯಲಿನಲ್ಲಿ ನಿಲ್ಲಿಸಿದೆ. ಮರುದಿನ ನಸುಕಿಗೆ ಅವಳು ಕೊಡ ಹೊತ್ತು ಅಲ್ಲಿಗೇ ಬಂದಳು. ಬಾನೆಟ್ ಮೇಲೆ ಅಂಗೈ ಇಟ್ಟಳು. ಇಬ್ಬನಿಯಿಂದ ಕೈ ಒದ್ದೆಯಾಯಿತು. ಸೀರೆಗೆ ಒರೆಸಿಕೊಂಡು, “ತಣ್ಣಗೈತಿ. ಹಂ, ಈಗ ಚಾಲೂ ಮಾಡ್ರಿ,” ಎಂದಳು.

ಹೀಟರ್ ದೀಪ ಆರುವವರೆಗೆ ಕಾದು ಕೀ ತಿರುವಿದೆ. ಒಂದೇ ಸಲಕ್ಕೆ ಎದ್ದಿತು. ರೇಸ್ ಕೊಡದೆ ಎರಡು ನಿಮಿಷ ಹಾಗೇ ಬಿಟ್ಟೆ, ಉಸ್ತಾದ್ ಹೇಳಿದ್ದಂತೆ. ಅವಳು ನಳದ ಕಡೆಗೆ ನಡೆದಳು. ಗಾಡಿ ಈಗ ಓಣಿಗೆ ಬರುವುದೇ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಗೋಡೆಗೆ ಒತ್ತಿಕೊಂಡೇ ನಡೆದಳು, ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ಓಣಿಯ ಮೇಲ್ತುದಿ ನೋಡುತ್ತಿದ್ದಳು.